ಸಹಾಯ ಬೇಕು: ಮಗಳ ಶಾಲೆಯ ರೀಕನ್ಸಿಲಿಯೇಷನ್ ವೀಕ್

ಮೆಲ್ಬರ್ನ್‌ನಲ್ಲಿರುವ ಅಪ್ಪ ಅಮ್ಮಂದಿರೇ, ಮೇ 27ರಿಂದ ಜೂನ್ 3ರವರೆಗೆ ರೀಕನ್ಸಿಲಿಯೇಷನ್ ವೀಕ್ (ಆಸ್ಟ್ರೇಲಿಯಾದ ಮೂಲನಿವಾಸಿಗಳು ಮತ್ತು ಉಳಿದವರ ನಡುವೆ ಸಾಮರಸ್ಯ ಬೆಳೆಸುವ ವಾರ) ಅಲ್ವಾ? ಮಗಳ ಶಾಲೆಯಲ್ಲಿ ಕಪ್ಪು, ಕೆಂಪು, ಹಳದಿ ಕಾಗದದಲ್ಲಿ ಮಕ್ಕಳ ಅಂಗೈ ಆಕಾರ ಕತ್ತರಿಸಿ ಹುಲ್ಲಿನ ಮೇಲೆ ನೆಡುತ್ತಾರಂತೆ. ಅದು ಸುಲಭ. ಮನೆಯಿಂದ ಒಂದು ಚಿತ್ರವನ್ನೂ ತರಬೇಕಂತೆ. ಇವಳು ಆಗಲೇ ಇಯರ್‌ಬಡ್‌ನಿಂದ ಚುಕ್ಕೆ ಇಟ್ಟು ಕಾಂಗರೂ ಬಿಡಿಸೋಕೆ ಕೂತಿದ್ದಾಳೆ. ಆದರೆ ಆ ಚುಕ್ಕೆ ಚಿತ್ರ ಮಧ್ಯ ಆಸ್ಟ್ರೇಲಿಯಾದ ಮರುಭೂಮಿಯ ಜನರದ್ದು, ಇಲ್ಲಿನ ಮೂಲನಿವಾಸಿಗಳಾದ ವುರುಂಡ್ಜೆರಿ ಜನರದ್ದಲ್ಲ. ಸುಮ್ನೆ ನಕಲು ಮಾಡೋದು ನನಗೆ ಸರಿ ಕಾಣುತ್ತಿಲ್ಲ. ನೀವು ಬದಲಿಗೆ ಏನು ಮಾಡಿಸಿದಿರಿ?

ಇನ್ನೊಂದು, ಮೂಲನಿವಾಸಿಗಳಿಗೆ ತಮ್ಮ ನೆಲದ ಮೇಲೆ ಹಕ್ಕಿದೆ ಅಂತ ಆಸ್ಟ್ರೇಲಿಯಾದ ಹೈಕೋರ್ಟ್ ಒಪ್ಪಿದ 1992ರ ಜೂನ್ 3ರ ಮಾಬೊ ತೀರ್ಪನ್ನು ಏಳು ವರ್ಷದವಳಿಗೆ ಹೇಗೆ ಹೇಳೋದು? "ಇದು ಯಾರದ್ದೂ ಅಲ್ಲದ ನೆಲ ಅಂದಿದ್ದು ತಪ್ಪು ಅಂತ ಕೋರ್ಟ್ ಹೇಳಿತು" ಅಂದೆ. "ಹಾಗಾದ್ರೆ ವಾಪಸ್ ಕೊಟ್ರಾ?" ಅಂದಳು. ಮಕ್ಕಳಿಗೆ ಅರ್ಥವಾಗುವ ಹಾಗೆ ಹೇಳಿದವರಿದ್ದರೆ ಭಾನುವಾರದೊಳಗೆ ತಿಳಿಸಿ.