ಹಳೆಯ ಮನೆ ಕಂಪ್ಯೂಟರಿಗೆ ಯಾವ ಉಚಿತ ತಂತ್ರಾಂಶಗಳು ಸಾಕು? – ಅನುಭವ ಹಂಚಿಕೆ

ಹಾಸನದಿಂದ ಕೇಳಿದ್ದು

ನಮ್ಮ ಮನೆಯಲ್ಲಿ 2016ರಲ್ಲಿ ಕೊಂಡ ಡೆಸ್ಕ್‌ಟಾಪ್ ಇದೆ. 4 ಜಿಬಿ ರ‍್ಯಾಮ್, 1 ಟಿಬಿ ಹಾರ್ಡ್ ಡಿಸ್ಕ್, ವಿಂಡೋಸ್ 10. ನಮ್ಮ ಮಾವನವರು ‘ನುಡಿ’ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದಲ್ಲಿ ಟೈಪ್ ಮಾಡಿಟ್ಟ ಲೇಖನಗಳು ಮತ್ತು ಇಷ್ಟು ವರ್ಷಗಳ ಫೋಟೋಗಳು ಅದರಲ್ಲೇ ಇವೆ. ಈಗ ಆನ್ ಆಗುವುದಕ್ಕೇ ಏಳೆಂಟು ನಿಮಿಷ ಹಿಡಿಯುತ್ತದೆ. ಒಂಬತ್ತನೆಯ ತರಗತಿಯ ಮಗ ಯಾವುದೋ ಆಟ ಇಳಿಸಿಕೊಂಡ ಮೇಲೆ ಪರದೆಯ ಮೂಲೆಯಲ್ಲಿ ಜಾಹೀರಾತುಗಳು ತಾವಾಗಿಯೇ ಮೂಡುತ್ತಿವೆ. ಎಲ್ಲವನ್ನೂ ಅಳಿಸಿ ವಿಂಡೋಸ್ ಹೊಸದಾಗಿ ಹಾಕಿ, ಹಣ ಕೊಟ್ಟು ಆಂಟಿವೈರಸ್ ಕೊಳ್ಳಬೇಕೆಂದು ಅಂಗಡಿಯವರು ಹೇಳುತ್ತಾರೆ. ಉಚಿತ ತಂತ್ರಾಂಶಗಳಿಂದಲೇ ಸರಿಪಡಿಸಿಕೊಂಡವರಿದ್ದರೆ ದಯವಿಟ್ಟು ತಿಳಿಸಿ.

ಶಿವಮೊಗ್ಗದಿಂದ, ಶಾಲೆಯೊಂದರ ಕಂಪ್ಯೂಟರ್ ಕೊಠಡಿ ನೋಡಿಕೊಳ್ಳುವವರು

ಮೇಡಂ, ಏನನ್ನಾದರೂ ಹಾಕುವ ಮೊದಲು, ಅಂಗಡಿಗೆ ಒಯ್ಯುವ ಮೊದಲು, ಮಾವನವರ ಲೇಖನಗಳನ್ನೂ ಫೋಟೋಗಳನ್ನೂ ಹೊರಗಿನ ಡಿಸ್ಕಿಗೆ ನಕಲು ಮಾಡಿಕೊಳ್ಳಿ. ಉಳಿದದ್ದೆಲ್ಲ ಆಮೇಲೆ.

ಇಷ್ಟು ಒತ್ತಿ ಹೇಳುವುದಕ್ಕೆ ಕಾರಣವಿದೆ. ನಮ್ಮ ಮನೆಯ ಕಂಪ್ಯೂಟರು ಹೀಗೆಯೇ ನಿಧಾನವಾದಾಗ ಇದು ವೈರಸ್ಸಿನದೇ ಕೆಲಸವೆಂದು ತೀರ್ಮಾನಿಸಿ, ಒಂದರ ಹಿಂದೊಂದು ಕ್ಲೀನರ್‌ಗಳನ್ನು ಓಡಿಸುತ್ತ ಎರಡು ಭಾನುವಾರ ಕಳೆದೆ. ಕೊನೆಗೆ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಎಂಬ ಚಿಕ್ಕ ತಂತ್ರಾಂಶವನ್ನು ತೆರೆದು ನೋಡಿದರೆ, ನೀಲಿಯಾಗಿ ‘ಗುಡ್’ ಎಂದಿರಬೇಕಾದ ಚೌಕ ಹಳದಿಯಾಗಿ ‘ಕಾಷನ್’ ಎನ್ನುತ್ತಿತ್ತು. ಅದರ ಪಟ್ಟಿಯಲ್ಲಿ ಎರಡು ಸಾಲುಗಳನ್ನು ನೋಡಿದರೆ ಸಾಕು: ‘ರೀಅಲೊಕೇಟೆಡ್ ಸೆಕ್ಟರ್ಸ್’ ಎಂದರೆ ಡಿಸ್ಕು ಕೆಟ್ಟ ಜಾಗಗಳಿಗೆ ಈಗಾಗಲೇ ಬದಲಿ ಕೊಟ್ಟಿರುವುದರ ಲೆಕ್ಕ, ‘ಕರೆಂಟ್ ಪೆಂಡಿಂಗ್ ಸೆಕ್ಟರ್’ ಎಂದರೆ ಓದಲಾಗದೆ ಒದ್ದಾಡುತ್ತಿರುವ ಜಾಗಗಳ ಲೆಕ್ಕ. ಇವು ಸೊನ್ನೆ ಬಿಟ್ಟು ಮೇಲೇರುತ್ತಿದ್ದರೆ ಯಾವ ಆಂಟಿವೈರಸ್ಸೂ ನಿಮ್ಮ ನೆರವಿಗೆ ಬಾರದು. ಅಂತಹ ಡಿಸ್ಕಿನ ಮೇಲೆ ಗಂಟೆಗಟ್ಟಲೆ ಸ್ಕ್ಯಾನ್ ಓಡಿಸುವುದೆಂದರೆ, ಮೊದಲೇ ಏದುಸಿರು ಬಿಡುತ್ತಿರುವವರನ್ನು ಬೆಟ್ಟ ಹತ್ತಿಸಿದ ಹಾಗೆ. ನಾನು ಹಳೆಯ ಹಾರ್ಡ್ ಡಿಸ್ಕಿನ ಬದಲು 240 ಜಿಬಿಯ ಎಸ್‌ಎಸ್‌ಡಿ, ಅಂದರೆ ತಿರುಗುವ ಭಾಗಗಳಿಲ್ಲದ ವೇಗದ ಡಿಸ್ಕು ಹಾಕಿಸಿದೆ, ಅದೇ ಯಂತ್ರ ಅರ್ಧ ನಿಮಿಷದೊಳಗೆ ಏಳತೊಡಗಿತು. ನೀವು ಖರ್ಚು ಮಾಡಲೇಬೇಕೆಂದಿದ್ದರೆ ಆಂಟಿವೈರಸ್ಸಿಗಿಂತ ಇದಕ್ಕೆ ಮಾಡಿ.

ಜಾಹೀರಾತಿನ ವಿಷಯ. ಮೂಲೆಯಲ್ಲಿ ಮೂಡುವಂಥವು ಹೆಚ್ಚಾಗಿ ವೈರಸ್ಸೇ ಆಗಿರುವುದಿಲ್ಲ. ಯಾವುದೋ ತಾಣ ‘ನೋಟಿಫಿಕೇಷನ್ ಕಳುಹಿಸಬಹುದೇ’ ಎಂದು ಕೇಳಿದಾಗ ಮಕ್ಕಳು ‘ಅಲೌ’ ಒತ್ತಿರುತ್ತಾರೆ. ಬ್ರೌಸರಿನ ಸೆಟ್ಟಿಂಗ್ಸ್‌ನಲ್ಲಿ ನೋಟಿಫಿಕೇಷನ್ ಅನುಮತಿಗಳ ಪಟ್ಟಿಯನ್ನು ತೆರೆದು, ಗುರುತಿಲ್ಲದ ಹೆಸರುಗಳನ್ನೆಲ್ಲ ತೆಗೆದುಹಾಕಿ. ಎಕ್ಸ್‌ಟೆನ್ಷನ್‌ಗಳನ್ನೂ, ಅಂದರೆ ಬ್ರೌಸರಿಗೆ ಸೇರಿಸಿಕೊಂಡ ಚಿಕ್ಕ ತಂತ್ರಾಂಶಗಳನ್ನೂ, ಹಾಗೆಯೇ ಜಾಲಾಡಿ. ಅನಂತರ ಫೈರ್‌ಫಾಕ್ಸ್ ಬ್ರೌಸರಿನ ಜೊತೆಗೆ ಯುಬ್ಲಾಕ್ ಆರಿಜಿನ್ ಎಂಬ ಜಾಹೀರಾತು ತಡೆಯುವ ಎಕ್ಸ್‌ಟೆನ್ಷನ್ ಹಾಕಿಕೊಂಡರೆ, ಜಾಹೀರಾತುಗಳೊಂದಿಗೆ ನಕಲಿ ‘ಡೌನ್‌ಲೋಡ್’ ಗುಂಡಿಗಳೂ ಬಹುಮಟ್ಟಿಗೆ ಮರೆಯಾಗುತ್ತವೆ.

ವೈರಸ್ಸಿಗೆ ವಿಂಡೋಸಿನೊಳಗೇ ಇರುವ ಡಿಫೆಂಡರ್ ಮನೆಬಳಕೆಗೆ ಸಾಕೆಂದು ನನ್ನ ಅಭಿಪ್ರಾಯ. ಅದರ ‘ಆಫ್‌ಲೈನ್ ಸ್ಕ್ಯಾನ್’ ವಿಂಡೋಸ್ ಏಳುವ ಮೊದಲೇ ಸುಮಾರು 15 ನಿಮಿಷ ಹುಡುಕುವುದರಿಂದ, ಒಳಗೆ ಅಡಗಿ ಕುಳಿತವೂ ಸಿಕ್ಕಿಬೀಳುತ್ತವೆ. ಎರಡನೆಯ ಅಭಿಪ್ರಾಯ ಬೇಕೆನಿಸಿದರೆ, ಕೇಂದ್ರ ಸರ್ಕಾರದ ಸೈಬರ್ ಸುರಕ್ಷಾ ಸಂಸ್ಥೆ ಸರ್ಟ್-ಇನ್ 2017ರಲ್ಲಿ ಆರಂಭಿಸಿದ ಸೈಬರ್ ಸ್ವಚ್ಛತಾ ಕೇಂದ್ರದ ತಾಣದಲ್ಲಿ ಉಚಿತ ಪರಿಕರಗಳಿವೆ. ಒಮ್ಮೆ ಓಡಿಸಿ ತೆಗೆದುಹಾಕಿ. ಸದಾ ಕಾವಲಿಗೆ ಮಾತ್ರ ಒಂದೇ ಆಂಟಿವೈರಸ್ ಇರಲಿ. ಮಗನಿಗೆ ಅಡ್ಮಿನಿಸ್ಟ್ರೇಟರ್ ಅಲ್ಲದ ಪ್ರತ್ಯೇಕ ಖಾತೆ ಮಾಡಿಕೊಡಿ. ಏನನ್ನಾದರೂ ಇನ್‌ಸ್ಟಾಲ್ ಮಾಡಬೇಕಾದರೆ ಅವನು ನಿಮ್ಮ ಪಾಸ್‌ವರ್ಡ್ ಕೇಳಿಕೊಂಡು ಬರಬೇಕಾಗುತ್ತದೆ. ಕ್ರ್ಯಾಕ್ ಮಾಡಿದ ಆಟಗಳ ವಿಷಯದಲ್ಲಂತೂ ರಾಜಿ ಬೇಡ. ಫೈಲುಗಳಿಗೆ ಬೀಗ ಜಡಿದು ಹಣ ಕೇಳುವ ‘ಸ್ಟಾಪ್’ (STOP), ಅಂದರೆ ‘ಡಿಜೆವು’ (Djvu) ವರ್ಗದ ರ‍್ಯಾನ್ಸಮ್‌ವೇರ್ ಮನೆಗಳಿಗೆ ಹೊಕ್ಕಿದ್ದು ಹೆಚ್ಚಾಗಿ ಈ ಬಾಗಿಲಿನಿಂದಲೇ.

ಇನ್ನು ಬೇಡದ ಫೈಲುಗಳನ್ನು ಗುಡಿಸಿಹಾಕುವ ಕ್ಲೀನರ್‌ಗಳು. 2017ರ ಆಗಸ್ಟಿನಲ್ಲಿ ಬಂದ ಸಿಕ್ಲೀನರ್ 5.33 ಆವೃತ್ತಿಯೊಳಗೆ ದುಷ್ಕರ್ಮಿಗಳು ತಮ್ಮ ಕೋಡ್ ಸೇರಿಸಿದ್ದು ಸೆಪ್ಟೆಂಬರಿನಲ್ಲಿ ಬಯಲಾಯಿತು. ತಯಾರಕರ ತಾಣದಿಂದಲೇ, ಅವರದೇ ಡಿಜಿಟಲ್ ಸಹಿಯೊಂದಿಗೆ ಅದು ಸುಮಾರು 22.7 ಲಕ್ಷ ಬಳಕೆದಾರರನ್ನು ತಲುಪಿತ್ತು. ಶುಚಿಮಾಡಲೆಂದು ಕರೆದುಕೊಂಡವರೇ ಕಳ್ಳರನ್ನು ಒಳಗೆ ಬಿಟ್ಟಂತಾಯಿತು. ಆ ಲೋಪ ಅಂದೇ ಸರಿಹೋಯಿತಾದರೂ ನಾನು ಕಲಿತದ್ದನ್ನು ಬಿಟ್ಟಿಲ್ಲ: ಬೇಡದ ಫೈಲುಗಳನ್ನು ಅಳಿಸುವ ವಿಂಡೋಸಿನದೇ ‘ಸ್ಟೋರೇಜ್ ಸೆನ್ಸ್’ ಮಾಡುವ ಕೆಲಸಕ್ಕೆ ಇನ್ನೊಂದು ತಂತ್ರಾಂಶ ತರುವುದಿಲ್ಲ, ವಿಂಡೋಸಿನ ಸೆಟ್ಟಿಂಗ್‌ಗಳ ಕಣಜವಾದ ರಿಜಿಸ್ಟ್ರಿಯನ್ನು ಮುಟ್ಟುವುದಿಲ್ಲ.

ನಕಲು ತೆಗೆಯಲು ಫ್ರೀಫೈಲ್‌ಸಿಂಕ್ ಎಂಬ ಉಚಿತ ತಂತ್ರಾಂಶ ಬಳಸುತ್ತೇನೆ. ಅದರಲ್ಲಿ ‘ಮಿರರ್’ ಆರಿಸಿದರೆ, ಮೂಲದಲ್ಲಿ ಅಳಿಸಿಹೋದ ಫೈಲು ನಕಲಿನಲ್ಲೂ ಅಳಿಯುತ್ತದೆ, ಆದ್ದರಿಂದ ‘ಅಪ್‌ಡೇಟ್’ ಆರಿಸಿ. ನಕಲಿನ ಡಿಸ್ಕನ್ನು ಸದಾ ಚುಚ್ಚಿಯೇ ಇಡಬಾರದು, ಏಕೆಂದರೆ ರ‍್ಯಾನ್ಸಮ್‌ವೇರ್ ಅದನ್ನೂ ಬಿಡುವುದಿಲ್ಲ. ಪ್ರತಿ ಅಮಾವಾಸ್ಯೆ ಸ್ಕೂಟರಿಗೆ ನಿಂಬೆಹಣ್ಣು ಕಟ್ಟುವ ದಿನವೇ ನಮ್ಮ ಮನೆಯಲ್ಲಿ ಆ ಡಿಸ್ಕೂ ಬೀರುವಿನಿಂದ ಹೊರಬರುತ್ತದೆ. ಮರೆಯದಿರಲು ಇದಕ್ಕಿಂತ ಒಳ್ಳೆಯ ಅಲಾರಂ ನನಗೆ ಸಿಕ್ಕಿಲ್ಲ.

ಧಾರವಾಡದಿಂದ

ಮೇಲಿನವರು ಹೇಳಿದ್ದಕ್ಕೆ ನನ್ನದೊಂದು ಎಡವಟ್ಟನ್ನು ಸೇರಿಸುತ್ತೇನೆ. ಬ್ಲೀಚ್‌ಬಿಟ್ ಎಂಬ ಕ್ಲೀನರ್ ಮುಕ್ತ ತಂತ್ರಾಂಶ, ಚೆನ್ನಾಗಿಯೇ ಇದೆ. ಆದರೆ ನಾನು ಮೊದಲ ದಿನವೇ ಎಡಬದಿಯ ಎಲ್ಲ ಚೌಕಗಳಿಗೂ ಟಿಕ್ ಹಾಕಿ, ಅದು ಕೊಟ್ಟ ಎಚ್ಚರಿಕೆಗಳನ್ನು ಓದದೆ ‘ಓಕೆ’ ಒತ್ತುತ್ತ ಹೋದೆ. ಫೈರ್‌ಫಾಕ್ಸ್‌ನಲ್ಲಿ ಉಳಿಸಿಟ್ಟಿದ್ದ ಪಾಸ್‌ವರ್ಡ್‌ಗಳೆಲ್ಲ ಹೋದವು. ವಿದ್ಯುತ್ ಬಿಲ್ಲಿನಿಂದ ಹಿಡಿದು ಬ್ಯಾಂಕಿನವರೆಗೆ ಒಂದೊಂದನ್ನೂ ಹೊಸದಾಗಿ ಮಾಡಿಕೊಳ್ಳಲು ವಾರ ಹಿಡಿಯಿತು. ಆಮೇಲೆ ಪಾಸ್‌ವರ್ಡ್ ಕಾಪಾಡುವ ಕೀಪಾಸ್‌ಎಕ್ಸ್‌ಸಿ ಹಾಕಿಕೊಂಡೆ. ಪಾಸ್‌ವರ್ಡ್‌ಗಳೆಲ್ಲ ಒಂದೇ ಫೈಲಿನಲ್ಲಿ ಬೀಗ ಹಾಕಿ ಕುಳಿತಿರುತ್ತವೆ, ಆ ಫೈಲು ನಮ್ಮ ಕಂಪ್ಯೂಟರಿನಲ್ಲೇ ಇರುತ್ತದೆ. ಮುಖ್ಯ ಪಾಸ್‌ವರ್ಡ್ ಮರೆತರೆ ತೆರೆದುಕೊಡುವವರು ಯಾರೂ ಇಲ್ಲವಾದ್ದರಿಂದ, ಅದನ್ನು ಕಾಗದದ ಮೇಲೆ ಬರೆದು ಮನೆ ಪತ್ರದ ಜೊತೆಯಲ್ಲಿ ಇಟ್ಟಿದ್ದೇನೆ.

ಮೈಸೂರಿನಿಂದ

ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತೆಂಬುದನ್ನು ಯಾರೂ ಹೇಳಿಲ್ಲ. ಮನೆಬಳಕೆದಾರರಿಗೆ ಒಂದು ವರ್ಷದ ಹೆಚ್ಚುವರಿ ಸುರಕ್ಷಾ ಅಪ್‌ಡೇಟ್‌ಗಳನ್ನು ಘೋಷಿಸಿದ್ದಾರೆ, ಅದಕ್ಕೆ ನೋಂದಾಯಿಸಿಕೊಳ್ಳಬೇಕು. ವಿಂಡೋಸ್ 11 ಟಿಪಿಎಂ 2.0 ಎಂಬ ಸುರಕ್ಷಾ ಚಿಪ್ ಮತ್ತು ಹೊಸ ಪೀಳಿಗೆಯ ಪ್ರೊಸೆಸರ್ ಕೇಳುವುದರಿಂದ 2016ರ ಯಂತ್ರ ಅದಕ್ಕೆ ಅಧಿಕೃತವಾಗಿ ಒಗ್ಗುವುದಿಲ್ಲ. ಹಾಗಾಗಿ ನಾನು ವಿಂಡೋಸಿನ ಬದಲು ಬಳಸಬಹುದಾದ ಉಚಿತ ಕಾರ್ಯಾಚರಣ ವ್ಯವಸ್ಥೆ ಲಿನಕ್ಸ್ ಮಿಂಟ್‌ನ ಹಗುರವಾದ ಎಕ್ಸ್‌ಎಫ್‌ಸಿಇ ಆವೃತ್ತಿಗೆ ಬಂದೆ, 4 ಜಿಬಿಯಲ್ಲಿ ಸರಾಗವಾಗಿ ನಡೆಯುತ್ತಿದೆ. ಪೆನ್‌ಡ್ರೈವಿನಿಂದಲೇ ಓಡಿಸಿ ಪ್ರಿಂಟರ್, ವೈಫೈ ಎಲ್ಲ ಒಗ್ಗುತ್ತವೆಯೇ ಎಂದು ನೋಡಿಕೊಂಡು, ಆಮೇಲೆ ಸ್ಥಾಪಿಸಬಹುದು.

ಕನ್ನಡದ ಬಗ್ಗೆ ಎರಡು ಮಾತು. ಲಿನಕ್ಸಿನಲ್ಲಿ ಬೇರೆ ಬೇರೆ ಭಾಷೆ ಟೈಪ್ ಮಾಡಿಸುವ ಐಬಸ್ ಮೂಲಕ ಕೆಜಿಪಿ ಎಂಬ ಕೀಲಿಮಣೆ ವಿನ್ಯಾಸವನ್ನು ಆರಿಸಿದರೆ ನುಡಿಯ ಕೀಲಿಮಣೆಯಂತೆಯೇ ಟೈಪ್ ಮಾಡಬಹುದು, ಬೆರಳುಗಳಿಗೆ ಹೊಸ ಪಾಠ ಬೇಕಿಲ್ಲ. ಆದರೆ ನಿಮ್ಮ ಮಾವನವರ ಹಳೆಯ ಫೈಲುಗಳು ಎಲ್ಲ ಕಂಪ್ಯೂಟರುಗಳಿಗೂ ಅರ್ಥವಾಗುವ ಅಕ್ಷರ ಸಂಕೇತವಾದ ಯೂನಿಕೋಡ್‌ನಲ್ಲಿ ಇಲ್ಲದಿದ್ದರೆ, ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಅವು ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರವಾಗಿ ಕಾಣಿಸುತ್ತವೆ. ನಕಲು ಭದ್ರವಾಗಿದ್ದೂ ಲೇಖನ ಓದಲಾಗದ ಸ್ಥಿತಿ ಅದು. ವಿಂಡೋಸ್ ಇನ್ನೂ ನಡೆಯುತ್ತಿರುವಾಗಲೇ ನುಡಿಯಲ್ಲಿರುವ ಪರಿವರ್ತಕದಿಂದ ಯೂನಿಕೋಡಿಗೆ ತಂದುಕೊಳ್ಳಿ. ಅರ್ಕಾವೊತ್ತುಗಳು ಆಗಾಗ ಎಡವುತ್ತವಾದ್ದರಿಂದ ಮೂಲವನ್ನೂ ಫಾಂಟನ್ನೂ ಜೊತೆಗೆ ಇಟ್ಟುಕೊಳ್ಳಿ.

ಮಿಂಟ್‌ನಲ್ಲಿರುವ, ವ್ಯವಸ್ಥೆಯ ‘ಸ್ನ್ಯಾಪ್‌ಶಾಟ್’ ತೆಗೆದಿಡುವ ಟೈಮ್‌ಶಿಫ್ಟ್ ಬಗ್ಗೆ ಒಂದು ಎಚ್ಚರಿಕೆ. ಅಪ್‌ಡೇಟ್ ಕೈಕೊಟ್ಟಾಗ ಇಡೀ ವ್ಯವಸ್ಥೆಯನ್ನು ನಿನ್ನೆಯ ಸ್ಥಿತಿಗೆ ತರುವುದರಲ್ಲಿ ಅದು ನಿಪುಣ, ಆದರೆ ನಿಮ್ಮ ಹೋಮ್ ಫೋಲ್ಡರಿನ ಕಡತಗಳನ್ನು ನೀವಾಗಿ ಹೇಳದ ಹೊರತು ಸೇರಿಸಿಕೊಳ್ಳುವುದಿಲ್ಲ. ದಿನವೂ ‘ಸ್ನ್ಯಾಪ್‌ಶಾಟ್’ ಆಗುತ್ತಿದೆಯಲ್ಲ ಎಂದು ನಿಶ್ಚಿಂತನಾಗಿದ್ದ ನಾನು, ತಂಗಿಯ ಮದುವೆಯ ಫೋಟೋಗಳನ್ನು ಅಳಿಸಿಕೊಂಡ ದಿನ ಇದನ್ನು ತಿಳಿದುಕೊಂಡೆ.

ಹಾಸನದಿಂದ ಮತ್ತೆ

ಎಲ್ಲರಿಗೂ ಧನ್ಯವಾದಗಳು. ನೋಟಿಫಿಕೇಷನ್ ಪಟ್ಟಿಯಲ್ಲಿ ಹನ್ನೊಂದು ಅಪರಿಚಿತ ಹೆಸರುಗಳಿದ್ದವು. ಅವನ್ನು ತೆಗೆದ ಮೇಲೆ ಜಾಹೀರಾತು ನಿಂತಿದೆ. ಡಿಸ್ಕಿನ ಚೌಕ ಹಳದಿಯೇ ಇದೆ. ಫೋಟೋಗಳು ನಕಲಾಗುತ್ತಿವೆ, ನಡುನಡುವೆ ನಿಂತು ಮತ್ತೆ ಸಾಗುತ್ತಿವೆ. ನುಡಿ ಫೈಲುಗಳು ನಾನೂರಕ್ಕೂ ಹೆಚ್ಚಿವೆ. ಮಾವನವರು ತಾವೇ ಪಕ್ಕದಲ್ಲಿ ಕುಳಿತು ಅರ್ಕಾವೊತ್ತುಗಳನ್ನು ತಿದ್ದುತ್ತೇನೆಂದಿದ್ದಾರೆ, ಇಂದು ಮೂರು ಲೇಖನ ಮುಗಿದವು.