ಸ್ಕ್ಯಾನ್ ಮಾಡಿದ ಫೋಟೋಗಳಲ್ಲಿ ಮೇಲಿನಿಂದ ಕೆಳಗಿನವರೆಗೆ ಹಸಿರು ಗೆರೆ: ಗಾಜು ಒರೆಸಿದರೂ ಹೋಗುತ್ತಿಲ್ಲ

ಪ್ರಶ್ನೆ

ಮಾನ್ಯರೆ, ಮನೆಯ ಫ್ಲಾಟ್‌ಬೆಡ್ ಸ್ಕ್ಯಾನರ್‌ನಲ್ಲಿ ಕುಟುಂಬದ ಹಳೆಯ ಫೋಟೋಗಳನ್ನು 600 ಡಿಪಿಐನಲ್ಲಿ (ಇಂಚಿಗೆ 600 ಚುಕ್ಕೆ) ಸ್ಕ್ಯಾನ್ ಮಾಡುತ್ತಿದ್ದೇನೆ. ಇತ್ತೀಚೆಗೆ ಪ್ರತಿಯೊಂದು ಚಿತ್ರದಲ್ಲೂ ಉದ್ದಕ್ಕೂ ಕೂದಲೆಳೆಯಷ್ಟು ತೆಳುವಾದ, ತಿಳಿ ಹಸಿರು ಬಣ್ಣದ ಒಂದು ಗೆರೆ ಬರುತ್ತಿದೆ. ಚಿತ್ರದ ಅಚ್ಚ ಬಿಳಿ ಭಾಗದಲ್ಲಿ ಅದು ಕಾಣುವುದಿಲ್ಲ; ಮುಖ, ಬೂದು ಬಣ್ಣದ ಗೋಡೆ ಇಂಥ ಕಡೆ ಎದ್ದು ಕಾಣುತ್ತದೆ. ಫೋಟೋವನ್ನು ಅಡ್ಡಲಾಗಿ ತಿರುಗಿಸಿ ಇಟ್ಟರೂ ಗೆರೆ ಗಾಜಿನ ಅದೇ ಜಾಗದಲ್ಲಿ ಬೀಳುತ್ತದೆ. ಗಾಜನ್ನು ಚೆನ್ನಾಗಿ ಒರೆಸಿ ನೋಡಿದ್ದಾಯಿತು. ಬೆಳಕನ್ನು ಗ್ರಹಿಸುವ ಸೆನ್ಸರ್ ಕೆಟ್ಟಿದೆ ಎಂದು ಭಾವಿಸಿ ಹೊಸ ಸ್ಕ್ಯಾನರ್ ಕೊಳ್ಳುವುದೇ ದಾರಿಯೇ, ಅಥವಾ ಬೇರೆ ಪರಿಹಾರವಿದೆಯೇ ಎಂದು ತಿಳಿದವರು ದಯವಿಟ್ಟು ಹೇಳಬೇಕು.

ಉತ್ತರ 1

ನೀವು ಹೇಳಿರುವ ಲಕ್ಷಣಗಳನ್ನು ನೋಡಿದರೆ ಸೆನ್ಸರ್ ಕೆಟ್ಟಿರುವ ಸಾಧ್ಯತೆ ಕಡಿಮೆ, ಹಾಗಾಗಿ ಹೊಸದನ್ನು ಕೊಳ್ಳುವ ಯೋಚನೆಯನ್ನು ಸದ್ಯಕ್ಕೆ ಬಿಡಿ. ಗಾಜಿನ ಮೇಲೆ ಕೂತ ಧೂಳಿನ ಕಣವನ್ನು ಸ್ಕ್ಯಾನ್ ಹೆಡ್ (ಗಾಜಿನ ಕೆಳಗೆ ಸಾಗುತ್ತಾ ಚಿತ್ರವನ್ನು ಓದುವ ಭಾಗ) ಒಮ್ಮೆ ದಾಟಿ ಹೋಗುತ್ತದೆ, ಆದ್ದರಿಂದ ಅದು ಚಿತ್ರದಲ್ಲಿ ಚುಕ್ಕೆಯಾಗಿ ಬೀಳುತ್ತದೆಯೇ ಹೊರತು ಗೆರೆಯಾಗುವುದಿಲ್ಲ. ಹೆಡ್ ಸಾಗುವ ದಿಕ್ಕಿನಲ್ಲೇ ಉದ್ದಕ್ಕೂ ಗೆರೆ ಬಂದರೆ ದೋಷ ಹೆಡ್‌ನ ಜೊತೆಯಲ್ಲೇ ಸಾಗುತ್ತಿದೆ, ಇಲ್ಲವೇ ಸ್ಕ್ಯಾನ್ ಆರಂಭವಾಗುವ ಮೊದಲೇ ಲೆಕ್ಕದಲ್ಲಿ ಸೇರಿಕೊಂಡಿದೆ ಎಂದರ್ಥ. ನಿಮ್ಮದು ಎರಡನೆಯದು ಎಂದು ನನಗೆ ಅನ್ನಿಸುತ್ತದೆ.

ಸೆನ್ಸರ್‌ನ ಸಾವಿರಾರು ಪಿಕ್ಸೆಲ್‌ಗಳು ಒಂದೇ ಬೆಳಕಿಗೆ ಒಂದೇ ರೀತಿ ಸ್ಪಂದಿಸುವುದಿಲ್ಲ. ಆ ವ್ಯತ್ಯಾಸವನ್ನು ಸರಿಪಡಿಸಲು ಹೆಡ್ ತಾನು ವಿರಮಿಸುವ ತುದಿಯಲ್ಲಿ, ಚೌಕಟ್ಟಿನ ಅಡಿಯಲ್ಲಿ ಅಡಗಿರುವ ಒಂದು ಬಿಳಿ ಪಟ್ಟಿಯನ್ನು ಮೊದಲು ಓದಿ, ಪ್ರತಿ ಪಿಕ್ಸೆಲ್‌ನ ಮೌಲ್ಯವನ್ನು ಎಷ್ಟು ಹೆಚ್ಚಿಸಬೇಕು ಎಂಬುದನ್ನು ಗೊತ್ತುಮಾಡಿಕೊಳ್ಳುತ್ತದೆ. ಆ ಪಟ್ಟಿಯ ಮೇಲೆ ಒಂದು ಕಣ ಕೂತಿದ್ದರೆ ಅದರೆದುರಿನ ಪಿಕ್ಸೆಲ್‌ಗೆ ಬಿಳಿ ಮಂಕಾಗಿ ಕಾಣುತ್ತದೆ. ಸ್ಕ್ಯಾನರ್ ಅದನ್ನು ಪಿಕ್ಸೆಲ್‌ನ ದೌರ್ಬಲ್ಯವೆಂದು ಎಣಿಸಿ ಅಗತ್ಯಕ್ಕಿಂತ ಹೆಚ್ಚು ಬೆಳಗಿಸುತ್ತದೆ, ಮತ್ತು ಆ ಹೆಚ್ಚುವರಿ ಬೆಳಕು ಪುಟದ ಕೊನೆಯವರೆಗೂ ಗೆರೆಯಾಗಿ ಮುಂದುವರಿಯುತ್ತದೆ. ಅಚ್ಚ ಬಿಳಿಯ ಜಾಗದಲ್ಲಿ ಇನ್ನೂ ಬೆಳಗಲು ಅವಕಾಶವಿಲ್ಲದ್ದರಿಂದಲೇ ನಿಮಗೆ ಅಲ್ಲಿ ಗೆರೆ ಕಾಣುತ್ತಿಲ್ಲ. ಕೆಂಪು, ಹಸಿರು, ನೀಲಿಗೆ ಬೇರೆ ಬೇರೆ ಸಾಲುಗಳಿರುವ ಸಿಸಿಡಿ ಎಂಬ ಬಗೆಯ ಸೆನ್ಸರ್‌ನಲ್ಲಿ ಕಣವು ಹಸಿರಿನ ಸಾಲಿಗೆ ಮಾತ್ರ ಅಡ್ಡ ಬಂದರೆ ಹಸಿರು ಗೆರೆಯೇ ಮೂಡುತ್ತದೆ.

ಕಣ ಎಲ್ಲಿದೆ ಎಂದು ಪತ್ತೆ ಮಾಡಲು ಒಂದು ಸ್ಕೇಲ್ ಸಾಕು. ಹೆಡ್ ಹೊರಡುವ ತುದಿಯ ಪಕ್ಕದಲ್ಲೇ ಸ್ಕೇಲನ್ನು ಗಾಜಿನ ಅಗಲಕ್ಕೆ ಇಟ್ಟು, ಅದರ ಮೇಲೆ ಒಂದು ಬೂದು ಕಾಗದ ಹರಡಿ 600 ಡಿಪಿಐನಲ್ಲಿ ಸ್ಕ್ಯಾನ್ ಮಾಡಿ. ಗೆರೆ ಸ್ಕೇಲಿನ ಯಾವ ಮಿಲಿಮೀಟರ್ ಗುರುತಿಗೆ ನೇರವಾಗಿದೆಯೋ, ಬಿಳಿ ಪಟ್ಟಿಯ ಮೇಲೆ ಅಷ್ಟೇ ದೂರದಲ್ಲಿ ಹುಡುಕಿ. ಈ ಡಿಪಿಐನಲ್ಲಿ ಒಂದು ಪಿಕ್ಸೆಲ್ ಎಂದರೆ ಸುಮಾರು 0.04 ಮಿಲಿಮೀಟರ್, ಆದ್ದರಿಂದ ಟಾರ್ಚ್ ಬೆಳಕನ್ನು ಓರೆಯಾಗಿ ಬಿಡದೆ ಕಣ ಕಣ್ಣಿಗೆ ಬೀಳಲಾರದು.

ಉತ್ತರ 2

ಮೇಲಿನ ವಿವರಣೆಯನ್ನು ಒಪ್ಪುತ್ತೇನೆ. ಶುಚಿಗೊಳಿಸುವಾಗ ವಹಿಸಬೇಕಾದ ಎಚ್ಚರವನ್ನು ಸೇರಿಸುತ್ತೇನೆ, ಏಕೆಂದರೆ ಸ್ಕ್ಯಾನರ್‌ಗಳು ಹಾಳಾಗುವುದು ಹೆಚ್ಚಾಗಿ ಈ ಹಂತದಲ್ಲೇ. ಅನೇಕ ಮಾದರಿಗಳಲ್ಲಿ ಸ್ಕ್ರೂಗಳನ್ನು ಬಿಚ್ಚಿ ಗಾಜಿನ ಚೌಕಟ್ಟನ್ನು ಎತ್ತದೆ ಆ ಪಟ್ಟಿ ಕೈಗೆ ಸಿಗುವುದಿಲ್ಲ. ವಾರಂಟಿ ಇನ್ನೂ ಉಳಿದಿದ್ದರೆ ಬಿಚ್ಚದಿರುವುದೇ ಒಳ್ಳೆಯದು. ಬಿಚ್ಚುವುದಾದರೆ ವಿದ್ಯುತ್ ತಂತಿಯನ್ನು ಕಿತ್ತು, ಕ್ಯಾಮೆರಾ ಲೆನ್ಸಿಗೆ ಬಳಸುವ ರಬ್ಬರ್ ಬ್ಲೋವರ್‌ನಿಂದ ಮೊದಲು ಗಾಳಿ ಹಾಯಿಸಿ, ಹೋಗದಿದ್ದರೆ ಮೆದುವಾದ ಒಣ ಕುಂಚದಿಂದ ಮುಟ್ಟಿಯೂ ಮುಟ್ಟದಂತೆ ಸರಿಸಿ. ಪಟ್ಟಿಗೆ ದ್ರಾವಣ ಹಚ್ಚಬೇಡಿ. ಕಲೆ ಹರಡಿದರೆ ಒಂದು ಗೆರೆಯ ಬದಲು ಅಗಲವಾದ ಬಣ್ಣದ ಪಟ್ಟೆಯೇ ಬರುತ್ತದೆ. ಡಬ್ಬಿಯಲ್ಲಿ ಬರುವ ಒತ್ತಡದ ಗಾಳಿಯೂ ಬೇಡ, ಡಬ್ಬಿ ಓರೆಯಾದರೆ ಅದು ದ್ರವವನ್ನೇ ಉಗುಳುತ್ತದೆ. ಹಳೆಯ ಮಾದರಿಗಳ ಟ್ಯೂಬ್ ದೀಪದಲ್ಲಿ ಪಾದರಸವಿರುತ್ತದೆ, ಅದನ್ನು ಒತ್ತಬೇಡಿ.

ಗೆರೆ ಅಡ್ಡಲಾಗಿ, ಅಂದರೆ ಹೆಡ್ ಸಾಗುವ ದಿಕ್ಕಿಗೆ ಲಂಬವಾಗಿ ಬಂದರೆ ಕಥೆಯೇ ಬೇರೆ: ಆಗ ಬೆಲ್ಟ್, ಹಳಿ, ಕಾದು ಸ್ಥಿರವಾಗದ ದೀಪ ಇವುಗಳನ್ನು ಅನುಮಾನಿಸಬೇಕು. ಕಾಗದವನ್ನು ತಾನೇ ಎಳೆದುಕೊಳ್ಳುವ ಫೀಡರ್‌ನಲ್ಲಿ ಮಾತ್ರ ಗೆರೆ ಬಂದರೆ ಪಕ್ಕದ ಕಿರಿದಾದ ಗಾಜನ್ನು ಒರೆಸಿ. ಅಲ್ಲಿ ಹೆಡ್ ನಿಂತಿದ್ದು ಕಾಗದ ಚಲಿಸುವುದರಿಂದ ಒಂದು ಚುಕ್ಕೆಯೇ ಗೆರೆಯಾಗುತ್ತದೆ.

ಪ್ರಶ್ನೆ ಕೇಳಿದವರಿಂದ

ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು. ಗೆರೆ ಸ್ಕೇಲಿನ 118 ಮಿಲಿಮೀಟರ್ ಬಳಿ ಬಿದ್ದಿತ್ತು. ಚೌಕಟ್ಟನ್ನು ಎತ್ತಿ ನೋಡಿದಾಗ ಪಟ್ಟಿಯ ಮೇಲೆ ಅದೇ ಜಾಗದಲ್ಲಿ ಬಟ್ಟೆಯ ಎಳೆಯೊಂದು ಅಂಟಿಕೊಂಡಿತ್ತು. ಕುಂಚ ತಾಗಿಸಿದ ಕೂಡಲೇ ಬಂತು, ಗೆರೆಯೂ ಹೋಯಿತು. ಆದರೆ ಬಂಧುಗಳಿಗೆ ಈಗಾಗಲೇ ಹಿಂದಿರುಗಿಸಿರುವ ಕೆಲವು ಫೋಟೋಗಳ ಸ್ಕ್ಯಾನ್‌ಗಳಲ್ಲಿ ಗೆರೆ ಉಳಿದಿದೆ. ಅವನ್ನು ಸರಿಪಡಿಸಲು ಸಾಧ್ಯವೇ?

ಉತ್ತರ 1 ಬರೆದವರಿಂದ

ಫೋಟೋಗಳನ್ನು ಮತ್ತೆ ತರಿಸಿಕೊಳ್ಳಲು ಆಗುವುದಾದರೆ ಮರಳಿ ಸ್ಕ್ಯಾನ್ ಮಾಡುವುದಕ್ಕಿಂತ ಉತ್ತಮವಾದ ದಾರಿಯಿಲ್ಲ. ಆಗದಿದ್ದರೆ ಗೆರೆಯನ್ನು ಮಸುಕುಗೊಳಿಸಬೇಡಿ, ಅದರಡಿಯ ವಿವರವೂ ಅಳಿಸಿಹೋಗುತ್ತದೆ. ಇಲ್ಲಿ ಹೆಚ್ಚಾಗಿರುವುದು ಹಸಿರು ಮಾತ್ರ, ಅದೂ ಗೆರೆಯ ಉದ್ದಕ್ಕೂ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ. ಚಿತ್ರ ಸಂಪಾದಿಸುವ ತಂತ್ರಾಂಶದಲ್ಲಿ ಗೆರೆಯಷ್ಟೇ ಅಗಲದ ಭಾಗವನ್ನು ಆರಿಸಿಕೊಂಡು, ಹಸಿರು ಚಾನೆಲ್‌ನ ಕರ್ವ್‌ನ (ಆ ಬಣ್ಣದ ಮಟ್ಟವನ್ನು ಏರಿಳಿಸುವ ರೇಖೆಯ) ನಡುಭಾಗವನ್ನು ಇಕ್ಕೆಲದ ಪಿಕ್ಸೆಲ್‌ಗಳಿಗೆ ಹೊಂದುವವರೆಗೆ ಇಳಿಸಿ. ಒಂದು ಚಿತ್ರಕ್ಕೆ ಕೂಡಿಬಂದ ಹೊಂದಾಣಿಕೆಯನ್ನು ಉಳಿಸಿಟ್ಟುಕೊಂಡರೆ, ಅದೇ ಹೊತ್ತಿನಲ್ಲಿ ಅದೇ ಸೆಟ್ಟಿಂಗ್‌ನಲ್ಲಿ ಸ್ಕ್ಯಾನ್ ಮಾಡಿದ ಉಳಿದ ಚಿತ್ರಗಳಿಗೂ ಬಹುಮಟ್ಟಿಗೆ ಅದೇ ಹೊಂದುತ್ತದೆ. ಕೆಲಸವನ್ನು ವಿವರ ಕಳೆಯದೆ ಉಳಿಸಿದ ಟಿಫ್ ಕಡತದ ಮೇಲೆ ಮಾಡಿ. ಜೆಪೆಗ್‌ನಲ್ಲಿ ಸಂಕೋಚನದಿಂದಾಗಿ ಹಸಿರು ಪಕ್ಕದ ಪಿಕ್ಸೆಲ್‌ಗಳಿಗೂ ಹರಡಿರುತ್ತದೆ, ಹಾಗಾಗಿ ಅಂಥ ಕಡತಗಳಲ್ಲಿ ಆಯ್ಕೆಯನ್ನು ಎರಡೂ ಬದಿಗೆ ಸ್ವಲ್ಪ ಅಗಲಿಸಿಕೊಳ್ಳಬೇಕಾಗುತ್ತದೆ.