ಅಪ್‌ಡೇಟ್: ಸಿಗರೇಟ್ ಬಿಡಲು ಯೋಗ ಶುರು ಮಾಡಿದ್ದೆನಲ್ಲ, ಈಗ ಹೀಗಿದೆ

ಸಿಗರೇಟ್ ಬಿಡಲು ಯೋಗ ನೆರವಾಗುತ್ತದಾ, ಬಿಟ್ಟರೆ ದಪ್ಪ ಆಗುತ್ತೇನಾ ಎಂದು ಎರಡು ತಿಂಗಳ ಹಿಂದೆ ಕೇಳಿದ್ದೆ. ಉತ್ತರ ಕೊಟ್ಟ ಎಲ್ಲರಿಗೂ ಥ್ಯಾಂಕ್ಸ್.

ಇವತ್ತಿಗೆ 41 ದಿನ, ಒಂದೂ ಸೇದಿಲ್ಲ. ಅದಕ್ಕೂ ಮೊದಲು ಎರಡು ಸಲ ಜಾರಿದ್ದೆ, ಅದನ್ನೂ ಹೇಳಿಬಿಡುತ್ತೇನೆ. ಮೊದಲ ಮೂರು ದಿನ ನರಕ. ತಲೆನೋವು, ಸಿಡುಕು, ನಿದ್ದೆ ಇಲ್ಲ. ಆಸನ ಗೀಸನ ಯಾವುದೂ ಬೇಡವಾಗಿತ್ತು. ಕೆಲಸಕ್ಕೆ ಬಂದದ್ದು ಉಸಿರಾಟ ಮಾತ್ರ. ಸೇದಬೇಕೆನ್ನುವ ಆಸೆ ಏರಿ, ಕೆಲವು ನಿಮಿಷಗಳಲ್ಲಿ ತಾನೇ ಇಳಿಯುತ್ತದೆ. ಅಷ್ಟು ಹೊತ್ತು ಸುಮ್ನೆ ಕೂತು ಉಸಿರನ್ನು ನಿಧಾನವಾಗಿ ಎಳೆದು, ಇನ್ನೂ ನಿಧಾನವಾಗಿ ಬಿಡುತ್ತಿದ್ದೆ. ಸೇದುವಾಗಲೂ ಮಾಡುತ್ತಿದ್ದದ್ದು ಇದೇ ಅಲ್ವಾ, ಹೊಗೆ ಒಂದಿಲ್ಲ ಅಷ್ಟೆ!

ನಿಮ್ಮಲ್ಲೊಬ್ಬರು ಹೇಳಿದ್ದ ಅಮೆರಿಕದ ಅಧ್ಯಯನ ಓದಿದೆ. 2012ರಲ್ಲಿ ಬಂದದ್ದು, 55 ಮಹಿಳೆಯರು, 8 ವಾರ. ಕೌನ್ಸೆಲಿಂಗ್ ಎಲ್ಲರಿಗೂ ಇತ್ತು. ಜೊತೆಗೆ ಯೋಗವನ್ನೂ ಮಾಡಿದವರಲ್ಲಿ ಬಿಟ್ಟವರು ಜಾಸ್ತಿ. ಆದರೆ 6 ತಿಂಗಳ ಹೊತ್ತಿಗೆ ಆ ವ್ಯತ್ಯಾಸ ಅಷ್ಟು ಗಟ್ಟಿಯಾಗಿ ಉಳಿದಿರಲಿಲ್ಲ. ಅದಕ್ಕೇ ನಾನು ಯೋಗವೊಂದನ್ನೇ ನಂಬಿ ಕೂತಿಲ್ಲ. ಡಾಕ್ಟರ್ ಹೇಳಿದ ನಿಕೋಟಿನ್ ಪ್ಯಾಚ್ (ಸೇದುವ ಆಸೆ ತಗ್ಗಿಸಲು ಚರ್ಮಕ್ಕೆ ಅಂಟಿಸುವ ಪಟ್ಟಿ) ಕೂಡ ಇದೆ.

ತೂಕ? ಎರಡು ಕೆಜಿ ಏರಿದೆ. ಸದ್ಯಕ್ಕೆ ಅದರ ಗೊಡವೆಗೆ ಹೋಗಿಲ್ಲ.